ಐದು ದಿನದ ದಾರಿಯನ್ನು ಮೂರಕ್ಕೆ ಮುಗಿಸಬೇಡಿ

ಮಗಳೇ,

ಸಂಕ್ರಾಂತಿ ಕಳೆದ ಮೇಲೆ ನೀನೂ ಅಳಿಯಂದಿರೂ ಕಾರಿನಲ್ಲೇ ಗುರುಗ್ರಾಮಕ್ಕೆ ಹೊರಡುತ್ತೀರೆಂದು ನಿಮ್ಮಪ್ಪ ಹೇಳಿದ. ಸಾಮಾನನ್ನು ಪ್ಯಾಕರ್ಸ್‌ನವರಿಗೆ ಒಪ್ಪಿಸಿ ವಿಮಾನದಲ್ಲಿ ಹೋಗಬಾರದೇ ಅಂತ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ನಾನು ಆ ಪಕ್ಷದವನಲ್ಲ. ರಸ್ತೆಯಲ್ಲೇ ಹೋಗಿ, ಖುಷಿಯಾಗಿ ಹೋಗಿ. ಆದರೆ ಅಳಿಯಂದಿರು ಮೂರೇ ದಿನಕ್ಕೆ ಮುಟ್ಟುವ ಲೆಕ್ಕ ಹಾಕಿದ್ದಾರಂತೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲಾಗದೆ ಬರೆಯಲು ಕೂತೆ.

ದುಡಿಯುವ ವಯಸ್ಸನ್ನೆಲ್ಲ ನಾನು ಲಾರಿ ಸ್ಟೀರಿಂಗ್ ಹಿಡಿದೇ ಕಳೆದವನು. ಕೋಲಾರದ ಟೊಮೇಟೊ ದಿಲ್ಲಿ ಮಂಡಿಗೆ ಕೊಳೆಯದೆ ಮುಟ್ಟಬೇಕಿತ್ತು. ನಮಗೆ ಹಗಲು ರಾತ್ರಿ ಓಡದೆ ಬೇರೆ ದಾರಿ ಇರಲಿಲ್ಲ. ನಿಮ್ಮ ಗಾಡಿಯಲ್ಲಿ ಕೊಳೆಯುವ ಮಾಲು ಏನೂ ಇಲ್ಲವಲ್ಲ! ನಮ್ಮ ಚಿಕ್ಕಬಳ್ಳಾಪುರದಿಂದ ದಿಲ್ಲಿಗೆ ಸುಮಾರು 2,100 ಕಿಲೋಮೀಟರು. ಮೂರು ದಿನ ಅಂದರೆ ದಿನಕ್ಕೆ 700. ಟೋಲು, ಊಟ, ಡೀಸೆಲ್ಲು ಎಲ್ಲ ಸೇರಿ ಹದಿನಾಲ್ಕು ಗಂಟೆಗೆ ಕಡಿಮೆ ಆಗುವುದಿಲ್ಲ. ಜನವರಿಯಲ್ಲಿ ಬೆಳಕು ಇರುವುದೇ ಹನ್ನೊಂದು ಗಂಟೆ. ಉಳಿದದ್ದನ್ನು ಕತ್ತಲಲ್ಲೇ ಓಡಿಸಬೇಕು. ಇಬ್ಬರಿಗೂ ಡ್ರೈವಿಂಗ್ ಬರುತ್ತದೆ, ಸರದಿಯ ಮೇಲೆ ಓಡಿಸುತ್ತೇವೆ ಅನ್ನಬೇಡಿ. ಪಕ್ಕದ ಸೀಟಿನವರು ಗೊರಕೆ ಹೊಡೆಯುತ್ತಿದ್ದರೆ ಓಡಿಸುವವರ ಕಣ್ಣೂ ಎಳೆಯುತ್ತದೆ. ಅದರಲ್ಲೂ ಬೆಳಗಿನ ಜಾವ ಎರಡರಿಂದ ಐದರವರೆಗೆ ನಿದ್ದೆ ಹೇಳಿ ಕೇಳಿ ಬರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಮನುಷ್ಯ ಅಲ್ಲಿರುವುದಿಲ್ಲ.

ಐದು ದಿನ ಇಟ್ಟುಕೊಳ್ಳಿ. ಮೊದಲ ರಾತ್ರಿ ಹೈದರಾಬಾದ್. ಊರೊಳಗೆ ನುಗ್ಗದೆ ಶಂಷಾಬಾದಿನ ಹತ್ತಿರವೇ ಉಳಿದು, ಬೆಳಿಗ್ಗೆ ಹೊರವರ್ತುಲ ರಸ್ತೆ ಹಿಡಿದು ಮೇಡ್ಚಲ್ ಕಡೆ ಇಳಿಯಿರಿ. ಎರಡನೆಯದು ನಾಗಪುರ, ಮೂರನೆಯದು ಸಾಗರ್, ನಾಲ್ಕನೆಯದು ಗ್ವಾಲಿಯರ್. ಐದನೆಯ ದಿನ ಸಂಜೆಯೊಳಗೆ ನಿಮ್ಮ ಮನೆ. ಕತ್ತಲಾಗುವ ಮುಂಚೆ ರೂಮು ಸೇರಿರಬೇಕು, ಇದೊಂದು ಮಾತನ್ನು ನಡೆಸಿಕೊಡಿ. ನೀವು ಹೋಗುವ ಕಾಲಕ್ಕೆ ನರಸಿಂಹಪುರದ ಕಡೆ ಕಬ್ಬಿನ ಸುಗ್ಗಿ. ಅಗಲಕ್ಕೆ ಕಬ್ಬು ಹೇರಿಕೊಂಡ ಟ್ರಾಲಿಗಳಿಗೆ ಹಿಂದೆ ದೀಪವೂ ಇರುವುದಿಲ್ಲ, ಕೆಂಪು ಬಟ್ಟೆಯೂ ಇರುವುದಿಲ್ಲ. ಮುಸ್ಸಂಜೆಯಲ್ಲಿ ಅದು ಕಣ್ಣಿಗೆ ಬೀಳುವುದು ತೀರಾ ಹತ್ತಿರ ಹೋದಮೇಲೆ.

ಗ್ವಾಲಿಯರ್ ದಾಟಿದ ಮೇಲೆ ಮಂಜಿನ ಕಾಟ. ನಂದಿಬೆಟ್ಟದ ಮಂಜು ನೋಡಿದ್ದೇವಲ್ಲ ಅಂದುಕೊಳ್ಳಬೇಡಿ, ಅಲ್ಲಿಯದು ಬಾನೆಟ್ಟಿನ ಆಚೆ ಏನೂ ಕಾಣದ ಮಂಜು. ಹೈಬೀಮ್ ಹಾಕಿದರೆ ಬೆಳಕು ನಮ್ಮ ಮುಖಕ್ಕೇ ಹೊಡೆಯುತ್ತದೆ, ಲೋಬೀಮಿನಲ್ಲೇ ಇರಿ. ಏನೇ ಆದರೂ ರಸ್ತೆಯ ಮೇಲೆ, ಅಂಚಿನಲ್ಲೂ, ಗಾಡಿ ನಿಲ್ಲಿಸಬೇಡಿ. ಹಿಂದೆ ಬರುವ ಲಾರಿಯವನು ನಿಮ್ಮ ಕೆಂಪು ದೀಪವನ್ನು ಓಡುತ್ತಿರುವ ಗಾಡಿಯದೆಂದೇ ತಿಳಿದು ಬೆನ್ನು ಹತ್ತಿ ಬರುತ್ತಾನೆ. ರೂಮಿನಿಂದ ಹೊರಡುವುದೇ ಬಿಸಿಲು ಬಂದ ಮೇಲೆ ಇರಲಿ. ಹತ್ತು ಗಂಟೆ ಆಗಲಿ, ಹನ್ನೊಂದೇ ಆಗಲಿ.

ಗಾಡಿಯ ವಿಷಯದಲ್ಲಿ ಒಂದೇ ಅಭ್ಯಾಸ ಹೇಳಿಕೊಡುತ್ತೇನೆ. ಟೀಗೆ ನಿಲ್ಲಿಸಿದಾಗಲೆಲ್ಲ ಮೊಬೈಲು ತೆಗೆಯುವ ಮುಂಚೆ ಗಾಡಿಯನ್ನು ಒಂದು ಸುತ್ತು ಬನ್ನಿ. ಪ್ರತಿ ಚಕ್ರದ ಹತ್ತಿರ ಬಗ್ಗಿ, ರಿಮ್ಮಿಗೆ ತಾಗಿಸದೆ ನಾಲ್ಕು ಬೆರಳು ದೂರದಲ್ಲಿ ಅಂಗೈ ಹಿಡಿಯಿರಿ. ಮುಂದಿನ ಎರಡು ಚಕ್ರ ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಎಡದ್ದು ಬೆಚ್ಚಗಿದ್ದು ಬಲದ್ದು ಮಾತ್ರ ಕಾವು ಉಗುಳುತ್ತಿದ್ದರೆ ಆ ಕಡೆ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ. ಹತ್ತಿರದ ಊರಲ್ಲೇ ಮೆಕ್ಯಾನಿಕ್‌ಗೆ ತೋರಿಸಿ. ಹಾಗೆಯೇ ಟೈರಿನ ಪಕ್ಕೆಯ ಮೇಲೆ ಅಂಗೈ ಆಡಿಸಿ. ಸಣ್ಣ ಗುಳ್ಳೆ ಎದ್ದಂತಿದ್ದರೆ ಒಳಗಿನ ನೂಲು ಹರಿದಿದೆ. ಅದು ಇನ್ನು ನೂರು ಕಿಲೋಮೀಟರು ಬರುತ್ತದೆಂದು ನಂಬಬೇಡಿ, ಸ್ಟೆಪ್ನಿ ಹಾಕಿಕೊಳ್ಳಿ. ಗಾಳಿ ಹಿಡಿಸುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಹೆದ್ದಾರಿಯಲ್ಲಿ ಏನಾದರೂ ತೊಂದರೆಯಾದರೆ 1033, ಪೊಲೀಸರಿಗೂ ಆಂಬುಲೆನ್ಸಿಗೂ 112. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗಾಜಿನ ಹತ್ತಿರ ಅಂಟಿಸಿ. ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ.

ಇಷ್ಟು ಜೋಪಾನದ ಮಾತಾಯಿತು. ಐದು ದಿನ ಕೊಡಿ ಅನ್ನುವುದಕ್ಕೆ ನನ್ನ ನಿಜವಾದ ಕಾರಣ ಬೇರೆ ಇದೆ.

ವಿಮಾನದಲ್ಲಿ ಹೋದವರು ಬೆಳಿಗ್ಗೆ ಅಮ್ಮನ ಕೈಯ ಕಾಫಿ ಕುಡಿದು ಮಧ್ಯಾಹ್ನ ದಿಲ್ಲಿಯಲ್ಲಿ ಇಳಿಯುತ್ತಾರೆ. ಮೈ ಅಲ್ಲಿರುತ್ತದೆ, ಮನಸ್ಸು ಬಂದು ಸೇರಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಅಲ್ಲಿನ ನೀರು ಸರಿಯಿಲ್ಲ, ಮಾತು ಒರಟು, ಜನ ಮೋಸಗಾರರು ಅನ್ನಿಸುತ್ತಿರುತ್ತದೆ. ನೆಲದ ಮೇಲೆ ನಿಧಾನವಾಗಿ ಹೋದವರಿಗೆ ಹಾಗಾಗುವುದಿಲ್ಲ. ಬಾಗೇಪಲ್ಲಿ ದಾಟಿದರೆ ಆಂಧ್ರ, ಆದರೆ ತೆಲುಗು ನಮಗೆ ಮನೆಮಾತಿನಷ್ಟೇ ಹತ್ತಿರ. ಹೈದರಾಬಾದಿನಲ್ಲಿ ತೆಲುಗಿನ ಜೊತೆ ದಖನಿ ಕಿವಿಗೆ ಬೀಳುತ್ತದೆ. ಅದು ನಮ್ಮೂರಿನ ಸಾಬರ ಮಾತಿನಂತೆಯೇ ಇದೆಯಲ್ಲ ಅನ್ನಿಸುತ್ತದೆ. ಪೈನ್‌ಗಂಗಾ ದಾಟಿದರೆ ಮರಾಠಿ, ಸಿವನಿಯಿಂದ ಹಿಂದಿ, ಝಾನ್ಸಿಯಲ್ಲಿ ಬುಂದೇಲಿ, ಮಥುರೆಯ ಸುತ್ತ ಬ್ರಜ್. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲೂ ಸಿಗುವುದಿಲ್ಲ. ಮಣ್ಣೂ ಹಾಗೆಯೇ. ನಮ್ಮ ಕೆಂಪು ಮಣ್ಣು ಎಲ್ಲಿ ಕಪ್ಪಾಯಿತು ಅಂತ ಗೊತ್ತಾಗುವ ಮುಂಚೆ ವಿದರ್ಭದ ಹತ್ತಿ ಹೊಲದ ನಡುವೆ ಇರುತ್ತೀರಿ. ಗುರುಗ್ರಾಮ ತಲುಪುವ ಹೊತ್ತಿಗೆ ಅದು ಪರದೇಶವಾಗಿ ಉಳಿದಿರುವುದಿಲ್ಲ. ಮನೆಯ ಮುಂದಿನ ರಸ್ತೆಯ ಇನ್ನೊಂದು ತುದಿಯಾಗಿರುತ್ತದೆ.

ದಾರಿಯ ನದಿಗಳನ್ನು ನೋಡದೆ ದಾಟಬೇಡಿ. ನಮ್ಮ ನಂದಿ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಅನಂತಪುರ ಜಿಲ್ಲೆಯ ಪಾಮಿಡಿಯಲ್ಲಿ ಸಿಗುತ್ತಾಳೆ. ಅಲ್ಲಿ ಅವಳ ಹೆಸರು ಪೆನ್ನಾ, ಬಹುಪಾಲು ಮರಳೇ. ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ. ನಿರ್ಮಲ್ ಹತ್ತಿರದ ಸೋನ್‌ನಲ್ಲಿ ಗೋದಾವರಿ. ನಾಗಪುರ, ಸಿವನಿಯ ನಡುವೆ ಪೆಂಚ್ ಕಾಡು ಬರುತ್ತದೆ. ಅಲ್ಲಿ ಹುಲಿ, ಜಿಂಕೆ ಅಡಿಯಲ್ಲಿ ಹಾದುಹೋಗಲಿ ಅಂತ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ನಾವು ಓಡಿಸುತ್ತಿದ್ದ ಕಾಲಕ್ಕೆ ಅದಿರಲಿಲ್ಲ, ಚಕ್ರಕ್ಕೆ ಸಿಕ್ಕ ಪ್ರಾಣಿಗಳನ್ನು ನೋಡಿಕೊಂಡೇ ಹೋಗುತ್ತಿದ್ದೆವು. ಈಗಿನದನ್ನು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅದಾದ ಮೇಲೆ ನರ್ಮದೆ. ಬರ್ಮಾನ್ ಘಾಟಿನಲ್ಲಿ ಒಂದು ಗಂಟೆ ಇಳಿಯಿರಿ. ಮಕರ ಸಂಕ್ರಾಂತಿಗೆ ಅಲ್ಲಿ ದೊಡ್ಡ ಜಾತ್ರೆ ಕೂಡುತ್ತದೆ. ಉತ್ತರದಿಂದ ಬಂದ ಹರ್ಷವರ್ಧನ ಈ ನದಿ ದಾಟಿ ದಕ್ಷಿಣಕ್ಕೆ ಇಳಿಯದಂತೆ ತಡೆದವನು ಬಾದಾಮಿಯ ಇಮ್ಮಡಿ ಪುಲಿಕೇಶಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅವನ ಗೆಲುವನ್ನು ಹಾಡಿದ್ದಾನೆ. ಅಂಥ ಗಡಿಯನ್ನು ನೀವಿಬ್ಬರು ಕೆಲಸದ ಕಾಗದ ಹಿಡಿದು, ಬುತ್ತಿ ಕಟ್ಟಿಕೊಂಡು ದಾಟುತ್ತಿದ್ದೀರಿ. ನನಗೆ ಹೆಮ್ಮೆಯಾಗುತ್ತದೆ ಮಗಳೇ. ಅದರ ದಂಡೆಯ ಮೇಲೆ ನಿಂತು ನೀವೂ ಒಂದಿಷ್ಟು ಹೆಮ್ಮೆಪಡಿ.

ಇನ್ನು ಹೊರಡುವ ದಿನದ ಮಾತು. ನಿಮ್ಮಮ್ಮ ಅಳುತ್ತಾಳೆ, ಅಳಲಿ. ಸಮಾಧಾನ ಮಾಡಲು ಹೋಗಿ "ಎರಡೇ ವರ್ಷ, ವಾಪಸ್ ಬಂದುಬಿಡ್ತೀವಿ" ಅನ್ನಬೇಡ. ಆ ಮಾತು ಹೇಳಿ ಹೋದ ಎಷ್ಟೋ ಹುಡುಗರನ್ನು ನಾಗಪುರದಲ್ಲೂ ಗ್ವಾಲಿಯರ್‌ನಲ್ಲೂ ಕಂಡಿದ್ದೇನೆ. ಹತ್ತು ವರ್ಷವಾದರೂ ಮನೆಗೊಂದು ಒಳ್ಳೆಯ ಮಂಚ ತಂದಿರುವುದಿಲ್ಲ, ಪಕ್ಕದ ಮನೆಯವರ ಹೆಸರು ಕೇಳಿರುವುದಿಲ್ಲ. ಹೇಗೂ ಹೋಗುವವರಲ್ಲವೇ ಅನ್ನುವ ಲೆಕ್ಕ. ಅಲ್ಲಿ ಬದುಕು ಕೂರಲಿಲ್ಲ, ಇಲ್ಲಿ ಅಮ್ಮ ವರ್ಷವರ್ಷವೂ ಕ್ಯಾಲೆಂಡರ್ ನೋಡುವುದು ತಪ್ಪಲಿಲ್ಲ. ಹೋಗುತ್ತಿದ್ದೇವೆ, ಅಲ್ಲಿ ಮನೆ ಮಾಡುತ್ತೇವೆ, ನೀವೂ ಬಂದು ಇರಬೇಕು ಅಂತ ಹೇಳು. ಆ ಹೊತ್ತಿಗೆ ಕಷ್ಟವಾಗುತ್ತದೆ, ಆದರೆ ನಿಜ.

ಹೋದ ಮೊದಲ ವಾರ ಮಂಚ ತೆಗೆದುಕೊಳ್ಳಿ. ಪಕ್ಕದ ಮನೆಗೆ ನೀವೇ ಹೋಗಿ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಕೊಡಿ. ಕನ್ನಡ ಕೇಳಬೇಕೆನಿಸಿದರೆ ದಿಲ್ಲಿಯ ರಾಮಕೃಷ್ಣಪುರದಲ್ಲಿ ಕರ್ನಾಟಕ ಸಂಘವಿದೆ, ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯೇ ಇದೆ. ಆದರೆ ಮೊದಲ ಗೆಳೆತನ ನಿಮ್ಮ ಬೀದಿಯಲ್ಲೇ ಆಗಲಿ.

ಕಾರಿನ ಕಾಗದವನ್ನೂ ಇದೇ ಮನಸ್ಸಿನಿಂದ ಮಾಡಿಸಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿನ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಹೊರಡುವ ಮುಂಚೆಯೇ ಆರ್‌ಟಿಒದಲ್ಲಿ ಫಾರಂ 28 ಕೊಟ್ಟು ಎನ್‌ಒಸಿ ತೆಗೆದುಕೊಳ್ಳಿ. ಸಾಲ ತೀರಿಲ್ಲದಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಹರಿಯಾಣದಲ್ಲಿ ತೆರಿಗೆ ಕಟ್ಟಿದ ಮೇಲೆ, ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗವನ್ನು ವಾಪಸ್ ಕೇಳಬಹುದು. ನಿಮ್ಮದು ಡೀಸೆಲ್ ಗಾಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದಿಲ್ಲಿಯ ಸುತ್ತ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. ಆಮೇಲೆ ಕೋರ್ಟಿನ ಆದೇಶಗಳು ಬದಲಾಗುತ್ತಾ ಬಂದಿವೆ, ಗುರುಗ್ರಾಮವೂ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ನಿಮ್ಮ ಗಾಡಿಯ ವರ್ಷ ನೋಡಿ ವಿಚಾರಿಸಿಕೊಂಡೇ ಹೊರಡಿ.

ದಿನಕ್ಕೊಂದು ಫೋನು ಸಾಕು, ಸಂಜೆ ರೂಮು ಸೇರಿದ ಮೇಲೆ, ಅಮ್ಮನಿಗೆ. ಓಡುತ್ತಿರುವ ಗಾಡಿಯಿಂದ ಬೇಡ. ನಡುವೆ ನಾವು ಮಾಡಿದರೂ ಎತ್ತಬೇಡಿ, ಅವಳಿಗೆ ನಾನು ಹೇಳಿರುತ್ತೇನೆ. ಬರುವ ಭಾನುವಾರ ಗಾಡಿ ತೆಗೆದುಕೊಂಡು ಮನೆ ಕಡೆ ಬನ್ನಿ. ಜ್ಯಾಕು ಹಾಕಿ ಸ್ಟೆಪ್ನಿ ಬದಲಾಯಿಸುವುದನ್ನು ಇಬ್ಬರ ಕೈಯಲ್ಲೂ ಒಂದೊಂದು ಸಲ ಮಾಡಿಸುತ್ತೇನೆ.

ನಿಮ್ಮ ದೊಡ್ಡಪ್ಪ