ತೂಗುಮಂಚ ಮಾರುವ ಮೊದಲು

ಹೊಸ ಮನೆ ಕಟ್ಟಿಸುತ್ತಿರುವ, ಹಳೇ ಮನೆಗೆ ಟೈಲ್ಸ್ ಹಾಕಿಸುತ್ತಿರುವ ನಮ್ಮ ಮುಂಡಗೋಡ ತಾಲೂಕಿನ ಇಂದೂರಿನ ಮಕ್ಕಳೇ, ನಿಮಗೊಂದು ಮಾತು. ಪಡಸಾಲೆಯ ಸಾಗುವಾನಿ ತೂಗುಮಂಚ, ಕೈಯಿರುವ ಬೆಂಚು, ಬೆತ್ತ ಹೆಣೆದ ಆರಾಮ ಕುರ್ಚಿ ಇವನ್ನೆಲ್ಲ ಹಳೇ ಸಾಮಾನಿನವನಿಗೆ ಕೊಟ್ಟು ಹುಬ್ಬಳ್ಳಿಯಿಂದ ಸೋಫಾ ತರುವ ವಿಚಾರವಿದ್ದರೆ ನಾಲ್ಕು ದಿನ ತಡೆಯಿರಿ. ಕೊಡಲೇಬೇಡಿ ಅನ್ನುವುದಿಲ್ಲ. ಏನನ್ನು ಕೊಡುತ್ತಿದ್ದೇವೆಂದು ತಿಳಿದು ಕೊಡಿ.

ಮುಂಡಗೋಡದಿಂದ ಹಳಿಯಾಳ, ದಾಂಡೇಲಿ, ಜೊಯಿಡಾದವರೆಗೆ ನಮ್ಮದು ಸಾಗುವಾನಿಯ ಸೀಮೆ. ದಾಂಡೇಲಿ ಕಾಡಿನ ಕಟ್ಟಿಗೆ ಹೊರಲೆಂದೇ ಬ್ರಿಟಿಷರು ಅಳ್ನಾವರದಿಂದ ರೈಲು ಹಳಿ ಹಾಕಿದರು. ದಾಂಡೇಲಿಯ ಡಿಪೋದಲ್ಲಿ ದಿಮ್ಮಿಗಳ ಹರಾಜು ಇಂದಿಗೂ ನಡೆಯುತ್ತದೆ. ಒಳ್ಳೆಯ ಸಾಗುವಾನಿ ಬಲಿಯಲು 60ರಿಂದ 80 ವರ್ಷ ಬೇಕು. ಮರ ಬೆಳೆದಷ್ಟು ಕಾಲವಾದರೂ ಅದರ ಕುರ್ಚಿ ಬಾಳಬೇಕೆಂಬುದು ನನ್ನ ಲೆಕ್ಕ. ನಿಮ್ಮ ತೂಗುಮಂಚಕ್ಕೆ ಇನ್ನೂ ಅರ್ಧ ಆಯುಷ್ಯ ಉಳಿದಿರಬಹುದು.

ಉಳಿದಿದೆಯೋ ಇಲ್ಲವೋ ನೋಡಲು ಬೆಂಚನ್ನು ಬೋರಲು ಹಾಕಿ. ಪಾಲಿಶ್ ಕಾಣದ ಅಡಿಭಾಗ ಸುಳ್ಳು ಹೇಳುವುದಿಲ್ಲ. ಕಬ್ಬಿಣದ ಮೊಳೆಯಿಲ್ಲದೆ ಕಟ್ಟಿಗೆಗೆ ಕಟ್ಟಿಗೆ ಕೂಡಿಸಿ ಬಿದಿರಿನ ಮೊಳೆ ಹೊಡೆದಿದ್ದರೆ, ಸಡಿಲಾದ ಕಾಲನ್ನು ಬಿಚ್ಚಿ ಮತ್ತೆ ಬಿಗಿಯಬಹುದು. ಒತ್ತಿದ ಪುಡಿಯ ಹಲಗೆಯ ಸೋಫಾದಲ್ಲಿ ಸ್ಕ್ರೂ ಒಮ್ಮೆ ಸಡಿಲಾದರೆ ಅದೇ ತೂತಿನಲ್ಲಿ ಮತ್ತೆ ಕಚ್ಚಿ ನಿಲ್ಲುವುದು ಕಷ್ಟ. ಬೆಲೆ ಹೋಲಿಸುವಾಗ ಈ ಲೆಕ್ಕವನ್ನೂ ಹಿಡಿಯಿರಿ. ತೂಗುಮಂಚವಾದರೆ ಸರಪಳಿಯನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ ನೋಡಿ. ಕೊಂಡಿಗೆ ಕೊಂಡಿ ತಿಕ್ಕುವ ಜಾಗದಲ್ಲಿ ಲೋಹ ಸವೆದು ತೆಳ್ಳಗಾಗಿದ್ದರೆ ಮಕ್ಕಳನ್ನು ಕೂರಿಸಬೇಡಿ, ಮೊದಲು ಬದಲಿಸಿ.

ಇನ್ನು ನಮ್ಮ ಹವೆಯ ಮಾತು. ನಮ್ಮದು ಅರೆಮಲೆನಾಡು. ಆಷಾಢ–ಶ್ರಾವಣದಲ್ಲಿ ಗೋಡೆಯೇ ಬೆವರುತ್ತದೆ, ಶಿವರಾತ್ರಿ ಕಳೆದ ಮೇಲೆ ತುಟಿ ಒಡೆಯುವಷ್ಟು ಒಣಗಾಳಿ. ಕಟ್ಟಿಗೆ ಕಡಿದು ನೂರು ವರ್ಷವಾದರೂ ಈ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ಮಳೆಗಾಲದಲ್ಲಿ ಮೇಜಿನ ಡ್ರಾ ಬಿಗಿಯಾಯಿತೆಂದು ಕೂಡಲೇ ಕೀಸುಳಿ ಹಾಕಿಸಬೇಡಿ, ಬೇಸಿಗೆಗೆ ಅದು ಗಡಗಡ ಅಲ್ಲಾಡುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ ದೀಪಾವಳಿಯವರೆಗೆ ಕಾಯಿರಿ. ಬೆತ್ತದ ಹೆಣಿಗೆ ಜೋತುಬಿದ್ದಿದ್ದರೆ, ಎಳೆ ತುಂಡಾಗಿರದಿದ್ದರೆ, ಅಡಿಯಿಂದ ಬೆಚ್ಚನೆ ನೀರಿನ ಬಟ್ಟೆ ಒತ್ತಿ ನೆರಳಿನಲ್ಲಿ ಒಣಗಿಸಿ. ಬಹಳ ಸಲ ಅದು ತಾನೇ ಬಿಗಿದುಕೊಳ್ಳುತ್ತದೆ.

ಒರೆಸುವುದಕ್ಕೆ ಮೆತ್ತನೆಯ ಒಣ ಹತ್ತಿ ಬಟ್ಟೆ ಸಾಕು. ಕೆತ್ತನೆಯ ಸಂದಿಗೆ ಬಣ್ಣ ಬಳಿಯುವ ಹಳೇ ಬ್ರಷ್ ಆಡಿಸಿ. 1966ರಿಂದ ನಮ್ಮ ನೆರೆಯಲ್ಲಿರುವ ಮುಂಡಗೋಡದ ಟಿಬೆಟನ್ನರಿಂದ ಬಣ್ಣದ ಕೆತ್ತನೆಯ ಗಿಡ್ಡ ಮೇಜು ಕೊಂಡಿದ್ದರೆ, ಅದಕ್ಕಂತೂ ಒದ್ದೆ ಬಟ್ಟೆ ತಾಗಿಸಲೇಬೇಡಿ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಸವರುವವರಿದ್ದಾರೆ. ಅದು ಒಣಗದೆ ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಪಾಲಿಶ್ ಇಲ್ಲದ ಕಟ್ಟಿಗೆಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಬಹುದು. ಆದರೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಆ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಹರವಿ ಒಣಗಿಸಿ.

ಪಾಲಿಶ್ ಯಾವುದೆಂದು ತಿಳಿಯಬೇಕೇ? ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಯಾನಿಟೈಸರ್ ಚೆಲ್ಲಿದರೆ ಇದು ಕರಗುತ್ತದೆ, ಬಿಸಿ ಚಹಾದ ಕಪ್ಪಿಟ್ಟರೆ ಇದರ ಮೇಲೆ ಬಿಳಿ ಬಳೆ ಮೂಡುತ್ತದೆ. ಆದರೆ ಕೆಟ್ಟಷ್ಟೇ ಸುಲಭವಾಗಿ ಇದು ರಿಪೇರಿಯೂ ಆಗುತ್ತದೆ: ಮೇಲೆಯೇ ಇನ್ನೊಂದು ಕೈ ಕೊಟ್ಟರೆ ಹಳೆಯದರೊಡನೆ ಬೆರೆಯುತ್ತದೆ. ಈಗಿನ ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿ, ನಿಜ. ಕಿತ್ತುಬಂದರೆ ಮಾತ್ರ ಪೂರ್ತಿ ಉಜ್ಜಿ ತೆಗೆಯಬೇಕು.

ಸಾಗುವಾನಿಗೆ ಹುಳ ಬೀಳುವುದಿಲ್ಲವೆಂದು ನಂಬಿ ಕೂರಬೇಡಿ. ಒಳಗಿನ ಕಂದು ಚೇಗಿಗೆ ಆ ಶಕ್ತಿ ಇದೆ, ಹೊರಗಿನ ಬಿಳಿ ಭಾಗಕ್ಕೆ ಇಲ್ಲ. ನೆಲದ ಮೇಲೆ ಹಿಟ್ಟಿನಂಥ ಪುಡಿ ಕಂಡರೆ ಗುಡಿಸಿ, ಮರುದಿನ ನೋಡಿ. ಮತ್ತೆ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆ ಒಳಗೆ ಕೆಲಸದಲ್ಲಿದೆ, ತಡಮಾಡದೆ ಬಡಿಗೇರರಿಗೆ ತೋರಿಸಿ. ಗೆದ್ದಲು ಗೋಡೆ, ನೆಲದಿಂದ ಬರುತ್ತದೆ. ಕಟ್ಟಿಗೆ ಸಾಮಾನನ್ನು ಗೋಡೆಯಿಂದ ಗೇಣು ದೂರವಿಡಿ, ಹಿಂಬದಿಗೂ ಪೊರಕೆ ಹೋಗಲಿ.

ಹೊಸದನ್ನೇ ಮಾಡಿಸುವುದಾದರೆ ಮೂರು ವಿಷಯ ಕೇಳಿ. ಹಲಗೆ ಎಷ್ಟು ದಿನ ಒಣಗಿದೆ? ನೆರಳಿನಲ್ಲಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಹಳೇ ರೂಢಿ. ಹಸಿ ಹಲಗೆಯ ಸೋಫಾ ಮೊದಲ ಬೇಸಿಗೆಗೇ ಬಿರಿಯುತ್ತದೆ. ಬಿಳಿ ಭಾಗ ಎಷ್ಟು ಬಿಟ್ಟಿದ್ದಾರೆ? ಮೂರನೆಯದು, ಕಟ್ಟಿಗೆ ಎಲ್ಲಿಯದು? ಸಾಗುವಾನಿ, ಬೀಟೆ ಸಾಗಿಸಲು ಅರಣ್ಯ ಇಲಾಖೆಯ ಪಾಸು ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಳ್ಳ ಕಟ್ಟಿಗೆ ಪಡಸಾಲೆಗೆ ತಂದರೆ ನಮ್ಮ ಕಾಡನ್ನು ನಾವೇ ಕಡಿದಂತೆ. ಹಲಸು, ಹೊನ್ನೆ, ಮತ್ತಿ ಇವೂ ಒಳ್ಳೆಯ ಕಟ್ಟಿಗೆಗಳೇ.

ಕೊನೆಗೆ, ಬಡಿಗೇರರ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಸೋಫಾದಂಗಡಿಯಲ್ಲಿ ತುಟಿಪಿಟಕ್ಕೆನ್ನದೆ ಬಿಲ್ ಕಟ್ಟುವವರು ಇವರ ಒಂದು ದಿನದ ಕೂಲಿಗೆ ಜಗ್ಗಾಡುವುದು ಸರಿಯಲ್ಲ. ಕೆಲಸ ಸಿಗದೆ ಅವರ ಮಕ್ಕಳು ಉಳಿ ಕೆಳಗಿಟ್ಟರೆ ನಿಮ್ಮ ಬೆಂಚಿನ ಕಾಲು ಬಿಗಿಯುವವರು ಊರಲ್ಲಿ ಇರುವುದಿಲ್ಲ. ಈ ದೀಪಾವಳಿಗೆ ಸುಣ್ಣ ಬಳಿಯುವವರ ಜೊತೆಗೆ ಅವರನ್ನೂ ಕರೆಯಿರಿ. ಪಕ್ಕದಲ್ಲಿ ಕುಳಿತು ಕೆಲಸ ನೋಡಿ, ಕೇಳಿ, ಕಲಿಯಿರಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ತೀರ್ಮಾನಿಸಿ.