ವೀರಗೃಹಸ್ಥ ಜನರಲ್ ತಿಮ್ಮಯ್ಯ

ಸೈನಿಕನ ಜೀವನವನ್ನು ನೆನೆಯುವಾಗ ಜನರು ಸಾಮಾನ್ಯವಾಗಿ ಅವನು ಗೆದ್ದ ಕದನಗಳನ್ನೂ ಅವನ ಎದೆಯ ಮೇಲೆ ಮೆರೆದ ಪದಕಗಳನ್ನೂ ಎಣಿಸುತ್ತಾರೆ. ಅವನೂ ಒಂದು ಮನೆಯ ಮಗ, ಒಬ್ಬಳ ಪತಿ, ಮಕ್ಕಳಿಗೆ ತಂದೆ ಎಂಬ ಸಂಗತಿ ಆ ಎಣಿಕೆಯಲ್ಲಿ ಮರೆಯಾಗಿಬಿಡುತ್ತದೆ. ಆದರೆ ಮನೆಯವರನ್ನು ಪ್ರೀತಿಸಬಲ್ಲ ಹೃದಯವೇ ಅನ್ಯರ ನೋವಿಗೂ ಮಿಡಿಯುತ್ತದೆ. ತನ್ನವರ ಭಾರವನ್ನು ಹೊರಲು ಕಲಿತವನೇ ನಾಡಿನ ಭಾರವನ್ನೂ ಹೊರಬಲ್ಲನು. ಈ ಮಾತಿಗೆ ನಿದರ್ಶನವಾಗಿ ಬಾಳಿದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ನೆಯ ಇಸವಿಯ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ತಂದೆ ಸುಬ್ಬಯ್ಯನವರು ಕಾಫಿ ತೋಟದ ಒಡೆಯರು. ತಾಯಿ ಸೀತಮ್ಮನವರು ವಿದ್ಯಾವಂತೆ, ಸಮಾಜಸೇವೆಯಲ್ಲಿ ಆಸಕ್ತರು. ತಮ್ಮ ಸೇವೆಗಾಗಿ ಕೈಸರ್-ಇ-ಹಿಂದ್ ಪದಕವನ್ನು ಪಡೆದವರು. ಕೊಡಗಿನ ಮನೆಗಳಲ್ಲಿ ಕೋವಿಗೆ ಗೌರವದ ಸ್ಥಾನವುಂಟು. ಮಗು ಹುಟ್ಟಿದಾಗ, ಮನೆಯವರು ತೀರಿಕೊಂಡಾಗ ಗುಂಡು ಹಾರಿಸುವುದು ಅಲ್ಲಿಯ ಪದ್ಧತಿ. ಅಂಥ ನಾಡಿನಲ್ಲಿ ಶೌರ್ಯವನ್ನೂ, ತಾಯಿಯ ಮಡಿಲಲ್ಲಿ ಸೇವೆಯನ್ನೂ ಬಾಲಕ ತಿಮ್ಮಯ್ಯ ಒಟ್ಟಿಗೆ ಕಲಿತನು. ಆ ಮನೆಯ ಮೂವರು ಗಂಡುಮಕ್ಕಳೂ ಮುಂದೆ ಸೈನ್ಯಾಧಿಕಾರಿಗಳಾದರು.

ಕೂನೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿ, ಡೆಹರಾಡೂನಿನ ಸೈನಿಕ ಕಾಲೇಜಿನಲ್ಲಿ ಕಲಿತು, ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋದರು. 1926ರಲ್ಲಿ ಅವರಿಗೆ ಅಧಿಕಾರಪದವಿ ದೊರೆಯಿತು. ಮುಂದೆ ಅವರು ಸೇರಿದ ಹೈದರಾಬಾದ್ ರೆಜಿಮೆಂಟು ಇಂದಿನ ಕುಮಾವೂ ರೆಜಿಮೆಂಟೇ ಆಗಿದೆ. ದೇಶದಲ್ಲಿ ಸ್ವಾತಂತ್ರ್ಯ ಚಳವಳಿಯ ಕಾವು ಏರುತ್ತಿದ್ದ ಕಾಲವದು. ಪರಕೀಯ ಸರ್ಕಾರದ ಸಮವಸ್ತ್ರವನ್ನು ತೊಟ್ಟಿರುವುದು ಸರಿಯೇ ಎಂಬ ಪ್ರಶ್ನೆ ಆ ತರುಣನನ್ನು ಕಾಡಿತು. ಅಲಹಾಬಾದಿನಲ್ಲಿದ್ದಾಗ ಅವರು ಈ ಸಂಕಟವನ್ನು ಪಂಡಿತ ಮೋತಿಲಾಲ್ ನೆಹರೂ ಅವರ ಮುಂದೆ ತೋಡಿಕೊಂಡರು. ನಾಳೆ ಸ್ವತಂತ್ರವಾಗುವ ದೇಶಕ್ಕೆ ನುರಿತ ಸೇನಾನಿಗಳು ಬೇಕಾಗುತ್ತಾರೆ, ಆದುದರಿಂದ ಸೈನ್ಯವನ್ನು ಬಿಡಬೇಡ ಎಂಬುದೇ ಆ ಹಿರಿಯರ ಸಲಹೆಯ ತಿರುಳಾಗಿತ್ತು. ತಿಮ್ಮಯ್ಯನವರು ಸೈನ್ಯದಲ್ಲಿಯೇ ಉಳಿದರು.

1935ರ ಜನವರಿಯಲ್ಲಿ ಅವರು ಕೊಡಗಿನವರೇ ಆದ ನೀನಾ ಅವರ ಕೈಹಿಡಿದರು. ನವದಂಪತಿಗಳು ವಾಯವ್ಯ ಗಡಿಯ ಕಡೆಯ ಕ್ವೆಟ್ಟಾ ನಗರದಲ್ಲಿ ಸಂಸಾರ ಹೂಡಿದರು. ಮದುವೆಯ ಸಂಭ್ರಮ ಆರುವ ಮೊದಲೇ, ಅದೇ ವರ್ಷದ ಮೇ 31ರ ನಸುಕಿನಲ್ಲಿ, ಭೂಮಿ ನಡುಗಿತು. ನಿದ್ರೆಯಲ್ಲಿದ್ದ ನಗರ ಕ್ಷಣಮಾತ್ರದಲ್ಲಿ ಕಲ್ಲುಮಣ್ಣಿನ ರಾಶಿಯಾಯಿತು. ಸಹಸ್ರಾರು ಜನ ಮನೆಗಳಡಿಯಲ್ಲಿಯೇ ಸಮಾಧಿಯಾದರು. ತಿಮ್ಮಯ್ಯನವರು ರಕ್ಷಣಾಕಾರ್ಯದಲ್ಲಿ ದುಡಿದರೆ, ನೀನಾ ಅವರು ಸಂತ್ರಸ್ತರ ಸೇವೆಗೆ ನಿಂತರು. ಅವರ ಸೇವೆಯನ್ನು ಮನ್ನಿಸಿ ಸರ್ಕಾರ ಅವರಿಗೂ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. ಅತ್ತೆಗೆ ಸಂದ ಗೌರವವೇ ಸೊಸೆಗೂ ಸಂದಿತು. ಗಂಡಹೆಂಡಿರು ಹೆಗಲಿಗೆ ಹೆಗಲು ಕೊಟ್ಟು ಹೊತ್ತ ಮೊದಲ ಹೊರೆ ತಮ್ಮ ಮನೆಯದಾಗಿರಲಿಲ್ಲ, ಮನೆ ಕಳೆದುಕೊಂಡವರದಾಗಿತ್ತು. ಮರುವರ್ಷ, 1936ರಲ್ಲಿ, ಅವರಿಗೆ ಹೆಣ್ಣುಮಗು ಜನಿಸಿತು.

ಸೈನಿಕನ ಸಂಸಾರದಲ್ಲಿ ಅಗಲಿಕೆಯೆಂಬುದು ತಪ್ಪದ ಅತಿಥಿ. ಮಗಳಿಗೆ ಎಂಟು ವರ್ಷ ತುಂಬಿದಾಗ ತಂದೆ ಅರಕಾನಿನ ಕಾಡುಗಳಲ್ಲಿ ಜಪಾನೀಯರೊಡನೆ ಹೋರಾಡುತ್ತಿದ್ದರು. 1945ರ ಜನವರಿಯಲ್ಲಿ ಬರ್ಮಾದ ಕಾಂಗಾ ಎಂಬಲ್ಲಿ ಘೋರ ಕಾಳಗ ನಡೆಯಿತು. ಅಲ್ಲಿ ಹೋರಾಡಿದ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನೂ ನಡೆಸಿದವರು ಭಾರತೀಯರೇ: ತಿಮ್ಮಯ್ಯ, ತೋರಟ್ ಮತ್ತು ಸೇನ್. ಭಾರತೀಯರಿಗೆ ದಳಗಳನ್ನು ನಡೆಸುವ ಯೋಗ್ಯತೆ ಇದೆಯೇ ಎಂದು ಸಂಶಯಪಡುತ್ತಿದ್ದವರಿಗೆ ಅಲ್ಲಿ ಉತ್ತರ ದೊರೆಯಿತು. ತಿಮ್ಮಯ್ಯನವರಿಗೆ ಡಿ.ಎಸ್.ಒ. ಪದಕ ಲಭಿಸಿತು. ಯುದ್ಧರಂಗದಲ್ಲಿ ಕಾಲಾಳು ಬ್ರಿಗೇಡೊಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೆಂಬ ಕೀರ್ತಿಯೂ ಅವರದಾಯಿತು.

ಆ ಯುದ್ಧ ಅವರ ಮನೆಯೊಳಗೂ ಒಂದು ಗೆರೆಯನ್ನು ಎಳೆದಿತ್ತು. ಅವರ ಸೋದರ ಪೊನ್ನಪ್ಪನವರು ಸುಭಾಷಚಂದ್ರ ಬೋಸರು ಮುನ್ನಡೆಸಿದ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ತಾಯಿಯ ಮಕ್ಕಳು ಎದುರುಬದುರಿನ ಪಾಳೆಯಗಳಲ್ಲಿ ನಿಂತರು. ದೇಶ ಸ್ವತಂತ್ರವಾಗಬೇಕೆಂಬ ಬಯಕೆ ಇಬ್ಬರದೂ ಒಂದೇ. ಹಿಡಿದ ದಾರಿಗಳು ಮಾತ್ರ ಬೇರೆ. ಆ ದಿನಗಳಲ್ಲಿ ತಾಯಿಯ ಮನಸ್ಸು ಎಷ್ಟು ತೊಳಲಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು.

1947ರಲ್ಲಿ ಸ್ವಾತಂತ್ರ್ಯದೊಡನೆ ದೇಶವಿಭಜನೆಯ ದುರಂತವೂ ಬಂದಿತು. ಮೇಜರ್ ಜನರಲ್ ಪದವಿಗೇರಿದ ತಿಮ್ಮಯ್ಯನವರು ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತರು. ಮರುವರ್ಷ ಕಾಶ್ಮೀರದ ಕಣಿವೆ ಅವರನ್ನು ಕರೆಯಿತು. ಲಡಾಖಿನ ಲೇಹ್ ನಗರ ಶತ್ರುಗಳ ಕೈಸೇರುವ ಅಪಾಯದಲ್ಲಿತ್ತು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗರು, ಹಿಮಾಲಯದ ಶಿಖರಗಳನ್ನು ದಾಟಿ, ಆಗತಾನೆ ಸಮತಟ್ಟು ಮಾಡಿದ್ದ ನೆಲದ ಮೇಲೆ ಡಕೋಟಾ ವಿಮಾನವನ್ನು ಇಳಿಸಿದರು. ಅದಕ್ಕೆ ಮೊದಲು ಅಲ್ಲಿ ವಿಮಾನ ಇಳಿದಿರಲಿಲ್ಲ. ಆ ವಿಮಾನದಲ್ಲಿ ತಿಮ್ಮಯ್ಯನವರೂ ಇದ್ದರು. ಅಪಾಯದ ಕೆಲಸಕ್ಕೆ ಅನ್ಯರನ್ನು ಕಳಿಸಿ ತಾವು ಹಿಂದೆ ಉಳಿಯುವುದು ಅವರ ಸ್ವಭಾವವಲ್ಲ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆಮಾರ್ಗವಿದೆ. ಸಮುದ್ರಮಟ್ಟಕ್ಕಿಂತ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿರುವ ಈ ಮಾರ್ಗವನ್ನು ಶತ್ರುಗಳು ಹಿಡಿದು ಕುಳಿತಿದ್ದರು. ಕಾಲಾಳುಗಳ ದಾಳಿಯಿಂದ ಅವರನ್ನು ಕದಲಿಸಲಾಗಲಿಲ್ಲ. ಆಗ ತಿಮ್ಮಯ್ಯನವರು ಯಾರೂ ನಿರೀಕ್ಷಿಸದ ಉಪಾಯವೊಂದನ್ನು ಕೈಗೊಂಡರು. ಟ್ಯಾಂಕುಗಳ ಮೇಲ್ಭಾಗವನ್ನು ಕಳಚಿ, ಗುರುತು ಸಿಗದಂತೆ ಮರೆಮಾಡಿ, ಗುಟ್ಟಾಗಿ ಬೆಟ್ಟದ ಬುಡಕ್ಕೆ ಸಾಗಿಸಲಾಯಿತು. ಮದರಾಸು ಸ್ಯಾಪರ್ಸ್ ದಳದವರು ಹಿಮದ ನಡುವೆ ದಾರಿ ಕಡಿದರು. 1948ರ ನವೆಂಬರ್ 1ರಂದು ಟ್ಯಾಂಕುಗಳು ಜೋಜಿಲಾ ಮಾರ್ಗದಲ್ಲಿ ಗುಡುಗಿದವು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳನ್ನು ಕಾಣುವೆವೆಂದು ಕನಸಿನಲ್ಲಿಯೂ ಎಣಿಸದ ಶತ್ರುಗಳು ದಿಕ್ಕೆಟ್ಟು ಹಿಮ್ಮೆಟ್ಟಿದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹ್‌ನ ದಾರಿ ತೆರೆಯಿತು. ಆದರೆ ಕಾಶ್ಮೀರ ಅವರ ಮನೆಯಿಂದಲೂ ಬೆಲೆಯನ್ನು ಪಡೆದಿತ್ತು. ಕಿರಿಯ ಸೋದರ ಸೋಮಯ್ಯನವರು ಅದೇ ನೆಲದಲ್ಲಿ ಕರ್ತವ್ಯನಿರತರಾಗಿದ್ದಾಗ ಪ್ರಾಣ ತೆತ್ತರು.

ಗೆಲ್ಲುವುದಕ್ಕಿಂತ ಕಠಿನವಾದ ಕೆಲಸ 1953ರಲ್ಲಿ ಎದುರಾಯಿತು. ಕೊರಿಯಾದಲ್ಲಿ ಕದನವಿರಾಮವಾಗಿತ್ತು. ಆದರೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪದೆ ಉಳಿದಿದ್ದರು. ಇವರ ವಿಚಾರವನ್ನು ತೀರ್ಮಾನಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು; ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಒಂದು ಪಕ್ಷ ಕೈದಿಗಳು ಹಿಂದಿರುಗಲಿ ಎಂದರೆ, ಇನ್ನೊಂದು ಪಕ್ಷ ಬೇಡವೆನ್ನುತ್ತಿತ್ತು. ಶಿಬಿರಗಳ ಒಳಗೇ ಬೆದರಿಕೆ, ಕಲಹಗಳು ನಡೆಯುತ್ತಿದ್ದವು. ಪ್ರತಿಯೊಬ್ಬ ಕೈದಿಯೂ ಒಂದು ತಾಯಿಯ ಮಗ; ಮನೆಗೆ ಹೋಗುವುದೇ ಬೇಡವೇ ಎಂಬ ನಿರ್ಧಾರ ಅವನದೇ ಆಗಬೇಕು. ಬಲಪ್ರಯೋಗದಿಂದ ಆ ಪ್ರಶ್ನೆಯನ್ನು ಬಗೆಹರಿಸುವಂತಿರಲಿಲ್ಲ. ಎರಡು ಕಡೆಯ ಆಕ್ಷೇಪಣೆಗಳನ್ನೂ ಸಹಿಸಿ ತಿಮ್ಮಯ್ಯನವರು ತಾಳ್ಮೆಯಿಂದ ಆ ಹೊಣೆಯನ್ನು ನಿರ್ವಹಿಸಿದರು. 1954ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆ ಅನುಭವವನ್ನು ಕುರಿತು ಅವರು ಬರೆದ ಗ್ರಂಥವು ಅವರ ನಿಧನಾನಂತರ ಪ್ರಕಟವಾಯಿತು.

1957ರಿಂದ 1961ರವರೆಗೆ ತಿಮ್ಮಯ್ಯನವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ತೀವ್ರವಾದಾಗ ಅವರು ರಾಜೀನಾಮೆಯನ್ನು ಸಲ್ಲಿಸಿದರು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರ ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ಚುನಾಯಿತ ಸರ್ಕಾರದ ಮಾತನ್ನು ಮೀರಿ ನಡೆಯುವ ಯೋಚನೆಯನ್ನು ಅವರು ಮಾಡಲಿಲ್ಲ. ಉಳಿದ ಅವಧಿಯನ್ನು ಶಿಸ್ತಿನಿಂದ ಮುಗಿಸಿ ನಿವೃತ್ತರಾದರು.

ಮೂವತ್ತೈದು ವರ್ಷಗಳ ದುಡಿಮೆಯ ಬಳಿಕ ಸಂಸಾರದೊಡನೆ ನೆಮ್ಮದಿಯಾಗಿ ಕಾಲ ಕಳೆಯುವ ಹಕ್ಕು ಅವರಿಗಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆಯ ಕರೆ ಬಂದಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಲಹ ಹೊತ್ತಿ ಉರಿಯುತ್ತಿತ್ತು. ತಿಮ್ಮಯ್ಯನವರು ಅಲ್ಲಿಯ ಶಾಂತಿಪಾಲನಾ ಪಡೆಯ ನಾಯಕರಾಗಿ ತೆರಳಿದರು. ಎರಡು ಜನಾಂಗಗಳ ನಡುವೆ ನಿಂತು ಶಾಂತಿಯನ್ನು ಕಾಯುತ್ತಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ಹೃದಯಾಘಾತದಿಂದ ಕೊನೆಯುಸಿರೆಳೆದರು. ಆಗ ಅವರಿಗೆ ಅರವತ್ತು ವರ್ಷವೂ ತುಂಬಿರಲಿಲ್ಲ. ಅವರ ದೇಹವನ್ನು ಬೆಂಗಳೂರಿಗೆ ತಂದು ತಾಯ್ನಾಡಿನ ಮಣ್ಣಿಗೆ ಒಪ್ಪಿಸಲಾಯಿತು.

ಸೈಪ್ರಸ್ ದೇಶ 1966ರಲ್ಲಿ ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರತಂದಿತು. ಅಲ್ಲಿಯ ಲಾರ್ನಕಾ ನಗರದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಇವೆಲ್ಲಕ್ಕಿಂತ ಹೃದಯಸ್ಪರ್ಶಿಯಾದ ಸ್ಮಾರಕ ಮಡಿಕೇರಿಯಲ್ಲಿದೆ. ‘ಸನ್ನಿಸೈಡ್’ ಎಂಬ ಹೆಸರಿನ ಅವರ ಮನೆಯನ್ನೇ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಉದ್ಘಾಟಿಸಿದರು. ವೀರನ ಕಥೆಯನ್ನು ಹೇಳಲು ನಾಡು ಆರಿಸಿಕೊಂಡದ್ದು ರಣರಂಗವನ್ನಲ್ಲ, ಅವನ ಮನೆಯನ್ನು. ಇದು ಉಚಿತವೇ ಆಗಿದೆ. ಅನ್ಯರ ಮನೆಗಳು ಉಳಿಯಲೆಂದು ತನ್ನ ಮನೆಯಿಂದ ದೂರವಿದ್ದು ದುಡಿದವನನ್ನು ನೆನೆಯಲು ಮನೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಅಲ್ಲಿಗೆ ಹೋದವರು ಆ ದಂಡನಾಯಕನೊಡನೆ, ಅವನ ಅಗಲಿಕೆಯನ್ನು ಸಹಿಸಿದ ಮಡದಿ, ಮಗಳು, ತಾಯಿಯರಿಗೂ ತಲೆಬಾಗಬೇಕು.