ಆರ್ 05: ಕೆಮ್ಮಿನ ಸಂಕೇತ, ರೋಗದ ಹೆಸರಲ್ಲ

ಶ್ರೀಮಠದಲ್ಲಿ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದ ನಡೆಯುತ್ತಿದ್ದ ಹೊತ್ತಿನಲ್ಲಿ ಹಿರಿಯ ಭಕ್ತರೊಬ್ಬರು ನಮ್ಮ ಬಳಿ ಬಂದು, ಮಡಿಸಿ ಮಡಿಸಿ ಅಂಚು ಸವೆದಿದ್ದ ಆಸ್ಪತ್ರೆಯ ಚೀಟಿಯೊಂದನ್ನು ಮುಂದೆ ಹಿಡಿದರು. ಅವರು ಇಳಕಲ್ಲಿನ ಕಡೆಯವರು. ರೋಗನಿದಾನ ಎಂಬ ಸಾಲಿನ ಎದುರು ಇಂಗ್ಲಿಷಿನ ಆರ್ ಅಕ್ಷರ, ಅದರ ಮಗ್ಗುಲಿಗೆ 05 ಎಂಬ ಅಂಕಿ, ಇಷ್ಟೇ ಇತ್ತು. “ರೋಗ ಏನಂತ ಸಿಕ್ಕೈತ್ರಿ ಡಾಕ್ಟರ್ ಸಾಹೇಬ್ರ, ಅದಕ ನಂಬರ್ ಸುದ್ದಾ ಹಾಕ್ಯಾರ. ನಲವತ್ತು ದಿನದಿಂದ ಔಷಧ ಕುಡ್ಯಾಕತ್ತೀನಿ, ಕೆಮ್ಮು ಮಾತ್ರ ಬಿಡವಲ್ದು” ಎಂದರು.

ಅವರು ಆಸ್ಪತ್ರೆಗೆ ಹೋಗಿ ಕೆಮ್ಮು ಎಂದಿದ್ದರು. ಚೀಟಿಯೂ ಕೆಮ್ಮು ಎಂದೇ ಹೇಳಿತ್ತು. ಆರ್ 05 ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಕಾರಣವಿನ್ನೂ ತಿಳಿದಿಲ್ಲವೆಂದು ಆ ಸಂಕೇತ ಪ್ರಾಮಾಣಿಕವಾಗಿಯೇ ಒಪ್ಪಿಕೊಂಡಿತ್ತು. ಅದನ್ನು ಬರೆದ ವೈದ್ಯರ ತಪ್ಪೂ ಇದರಲ್ಲಿ ಇಲ್ಲ. ಆದರೆ ಅಂಕಿಯನ್ನು ಕಂಡು ರೋಗ ಪತ್ತೆಯಾಯಿತೆಂದು ನಂಬಿದ ಆ ಹಿರಿಯರು ಎರಡನೆಯ ಬಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ನಮ್ಮ ಓದುಗರ ಮನೆಗಳಲ್ಲಿಯೂ ಇಂಥ ಚೀಟಿಗಳು ಇರಬಹುದಾದ ಕಾರಣ ಈ ಸಂಕೇತಗಳ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮರಣದ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ಕ್ರಮದಲ್ಲಿ ಲೆಕ್ಕವಿಡಬೇಕೆಂದು ಫ್ರಾನ್ಸಿನ ಝಾಕ್ ಬರ್ತಿಯೋಂ ಎಂಬವರು 1893ರಲ್ಲಿ ಪಟ್ಟಿಯೊಂದನ್ನು ಮಂಡಿಸಿದರು. 1948ರಲ್ಲಿ ಅದರ ಆರನೆಯ ಪರಿಷ್ಕರಣೆಯ ಹೊಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ಐಸಿಡಿ-10 ಎಂದು ಕರೆಯುವ ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಕೆಮ್ಮಿನ ಸಂಕೇತ ಎಂಡಿ 12 ಎಂದಾಗಿದೆ. ನಮ್ಮ ಕಡೆಯ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೂ ಹತ್ತನೆಯದೇ.

ಅದರಲ್ಲಿ ಮೊದಲ ಅಕ್ಷರವನ್ನು ಗುರುತಿಸಿದರೆ ಅರ್ಧ ವಿಷಯ ತಿಳಿದಂತೆ. ಎ ಮತ್ತು ಬಿ ಸೋಂಕುರೋಗಗಳಿಗೆ, ಜೆ ಶ್ವಾಸಾಂಗದ ರೋಗಗಳಿಗೆ, ಐ ಹೃದಯ ಮತ್ತು ರಕ್ತನಾಳಗಳಿಗೆ, ಕೆ ಜೀರ್ಣಾಂಗಕ್ಕೆ ಮೀಸಲು. ಆರ್ ಅಕ್ಷರದ ಅಧ್ಯಾಯದಲ್ಲಿ ಇರುವುದು ಲಕ್ಷಣಗಳು ಮಾತ್ರ. ಈ ಅಧ್ಯಾಯವನ್ನು ಯಾವಾಗ ಬಳಸಬೇಕೆಂಬುದನ್ನು ಅದರ ಆರಂಭದಲ್ಲಿಯೇ ಹೇಳಲಾಗಿದೆ. ಎಲ್ಲ ಪರೀಕ್ಷೆಗಳ ನಂತರವೂ ಕಾರಣ ಸಿಗದಿದ್ದಾಗ, ಲಕ್ಷಣ ತಾನಾಗಿಯೇ ಮಾಯವಾದಾಗ, ನಿದಾನಕ್ಕೆ ಮೊದಲೇ ರೋಗಿಯನ್ನು ಬೇರೆಡೆಗೆ ಕಳುಹಿಸಿದಾಗ ಇದು ಸಲ್ಲುತ್ತದೆ. ಮುಂದಿನ ಪರೀಕ್ಷೆಗೆ ರೋಗಿ ಮರಳಿ ಬಾರದೆ ಹೋದಾಗಲೂ ಇದೇ ಉಳಿಯುತ್ತದೆ. ಮರಳಿ ಬಾರದ ರೋಗಿಗೂ ಪಟ್ಟಿಯೊಂದು ಸ್ಥಾನ ಇಟ್ಟಿದೆಯಲ್ಲ ಎಂದು ನಮಗೆ ಪ್ರತಿಸಲವೂ ಸಂಕಟವಾಗುತ್ತದೆ.

ಕಾರಣ ಸಿಕ್ಕಿತೆಂದರೆ ಆರ್ 05 ಬಿಟ್ಟು ಬೇರೆ ಸಂಕೇತ ಬರಬೇಕು. ಸಾಮಾನ್ಯ ನೆಗಡಿ ಜೆ 00, ಅಸ್ತಮಾ ಜೆ 45, ಧೂಮಪಾನಿಗಳನ್ನು ಮತ್ತು ಒಲೆಯ ಹೊಗೆ ಕುಡಿದ ತಾಯಂದಿರನ್ನು ಕಾಡುವ ಬಹುಕಾಲದ ದಮ್ಮು ಜೆ 44, ಮಕ್ಕಳ ನಾಯಿಕೆಮ್ಮು ಎ 37. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿ ಕೆಮ್ಮು ಬರಿಸಿದರೆ ಅದು ಕೆ 21. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತು, ರಾತ್ರಿ ಮಲಗಿದೊಡನೆ ಕೆಮ್ಮು ಬಂದರೆ ಐ 50. ಕಫದಲ್ಲಿ ರಕ್ತ ಕಂಡರೆ ಅದನ್ನು ಆರ್ 05 ಎಂದು ಬರೆಯುವಂತೆಯೇ ಇಲ್ಲ. ಅದಕ್ಕೆ ಆರ್ 04.2 ಎಂಬ ಪ್ರತ್ಯೇಕ ಸಂಕೇತವುಂಟು, ಅದನ್ನು ಕಂಡ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಇನ್ನೊಂದು ಮಾತು: ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಮುಂತಾದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ವೈದ್ಯರಿಗೆ ಹೇಳಿದರೆ ಅವರು ಬದಲಿ ಕೊಡುತ್ತಾರೆ.

ಕೆಮ್ಮನ್ನು ಒಂದೇ ಎಂದು ನಮ್ಮ ಪ್ರಾಚೀನರೂ ಬಗೆಯಲಿಲ್ಲ. ಆಯುರ್ವೇದವು ಕಾಸವನ್ನು ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಐದು ಬಗೆಯಾಗಿ ವಿಂಗಡಿಸಿತು. ರಾಜಯಕ್ಷ್ಮದ ಲಕ್ಷಣಗಳಲ್ಲಿಯೂ ಕಾಸವನ್ನು ಎಣಿಸಿತು. ಒಂದೇ ಕೆಮ್ಮು ಒಮ್ಮೆ ರೋಗ, ಒಮ್ಮೆ ಬೇರೊಂದು ರೋಗದ ಸುಳಿವು ಎಂಬ ವಿವೇಕ ಅಲ್ಲಿದೆ. ಐಸಿಡಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ನಿದಾನಗಳಿಗೂ ಪ್ರತ್ಯೇಕ ವಿಭಾಗವನ್ನು ಸೇರಿಸಿ 2024ರ ಜನವರಿಯಲ್ಲಿ ದೆಹಲಿಯಲ್ಲಿ ಬಿಡುಗಡೆ ಮಾಡಲಾಗಿದೆ.

ಇನ್ನು ಕೆಮ್ಮಿನ ಅವಧಿಯ ವಿಚಾರ. ಅಮೆರಿಕದವರು 2021ರ ಅಕ್ಟೋಬರಿನಿಂದ ಆರ್ 05 ಅನ್ನು ಒಡೆದು, ಹೊಸ ಕೆಮ್ಮು, ನಡುವಣ ಅವಧಿಯದು, ದೀರ್ಘಕಾಲದ್ದು ಎಂದು ಬೇರೆ ಬೇರೆ ಉಪಸಂಕೇತಗಳನ್ನು ಮಾಡಿಕೊಂಡಿದ್ದಾರೆ. ವೈದ್ಯರ ರೂಢಿಯಲ್ಲಿ ಮೂರು ವಾರದೊಳಗಿನದು ಹೊಸದು, ಎಂಟು ವಾರ ಮೀರಿದರೆ ದೀರ್ಘಕಾಲದ್ದು. ಈ ವಿಂಗಡಣೆ ಉಪಯುಕ್ತವೇ ಸರಿ; ಆದರೆ ನಮ್ಮ ನಾಡಿನಲ್ಲಿ ಎಂಟು ವಾರ ಎಣಿಸುತ್ತ ಕುಳಿತುಕೊಳ್ಳುವಂತಿಲ್ಲ. ಎರಡು ವಾರ ಮೀರಿದ ಕೆಮ್ಮಿರುವ ಎಲ್ಲರಿಗೂ ಕ್ಷಯದ ಪರೀಕ್ಷೆ ಆಗಬೇಕೆಂಬುದು ನಮ್ಮ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ನಿಯಮ. ಕೆಮ್ಮುವ ಒಬ್ಬರಿಂದ ಅದೇ ಕೋಣೆಯಲ್ಲಿ ಮಲಗುವ ಮೊಮ್ಮಕ್ಕಳಿಗೆ ರೋಗ ದಾಟಲು ಹೆಚ್ಚು ಕಾಲ ಬೇಡ.

ಹಾಗೆಂದು ಸಂಶಯ ಬಂದ ಮಾತ್ರಕ್ಕೆ ಕ್ಷಯದ ಸಂಕೇತವನ್ನು ಬರೆದುಬಿಡುವುದೂ ಸಲ್ಲದು. ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಾಂಗದ ಕ್ಷಯಕ್ಕೆ ಎ 15, ಹಾಗೆ ಖಚಿತವಾಗದೆ ಇತರ ಆಧಾರಗಳಿಂದ ನಿರ್ಣಯಿಸಿದ್ದಕ್ಕೆ ಎ 16 ಎಂದು ಐಸಿಡಿ-10 ಭೇದ ಮಾಡುತ್ತದೆ. 2012ರಿಂದ ಪ್ರತಿಯೊಂದು ಕ್ಷಯ ಪ್ರಕರಣವನ್ನೂ ಖಾಸಗಿ ವೈದ್ಯರು ಸಹ ಸರ್ಕಾರಕ್ಕೆ ತಿಳಿಸಬೇಕು. ಬರೆದ ಸಂಕೇತ ರೋಗಿಯ ಹಿಂದೆಯೇ ನಡೆಯುತ್ತದೆ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಆರ್ 05 ಎಂದೇ ಇಡುವ ವೈದ್ಯರು ಸೋಮಾರಿಗಳಲ್ಲ. ಪರೀಕ್ಷೆಯನ್ನು ಮಾಡಿಸದೆಯೇ ಅದನ್ನು ಇಟ್ಟುಕೊಂಡರೆ ಮಾತ್ರ ಆಕ್ಷೇಪ.

ಆ ಹಿರಿಯರನ್ನು ನಾವು ಕೇಳಿದ ಮೊದಲ ಪ್ರಶ್ನೆ, ಅವರ ಕಾಯಕ ಯಾವುದೆಂದು. ಚೀಟಿಯಲ್ಲಿ ಎಲ್ಲಿಯೂ ಅದು ಇರಲಿಲ್ಲ. ಇಪ್ಪತ್ತೆಂಟು ವರ್ಷ ಗ್ರಾನೈಟ್ ಕಲ್ಲು ಕೊರೆದು, ಕತ್ತರಿಸಿ ಬದುಕಿದವರು ಅವರು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಉಂಟುಮಾಡುವ ಸಿಲಿಕೋಸಿಸ್‌ಗೆ ಜೆ 62 ಎಂಬ ಸಂಕೇತವಿದೆ. ಹತ್ತಿಯ ಧೂಳಿನಿಂದ ಗಿರಣಿ ಕೆಲಸಗಾರರಿಗೆ ಬರುವ ಎದೆಬಿಗಿತಕ್ಕೆ ಜೆ 66.0. ಕಾಯಕವನ್ನೇ ಧರ್ಮವೆಂದು ನಂಬಿದ ನಾವು ವೈದ್ಯರ ಮುಂದೆ ಅದನ್ನೇ ಹೇಳಲು ಮರೆಯುತ್ತೇವೆ. ಕಲ್ಲಿನ ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಹತ್ತುತ್ತದೆ. ಇವೆರಡೂ ಹೀಗೆ ಜೊತೆಯಾಗಿ ಬರುವುದು ಎಷ್ಟು ಸಾಮಾನ್ಯವೆಂದರೆ, ಎರಡೂ ಕೂಡಿದ ಸ್ಥಿತಿಗೆ ಪಟ್ಟಿಯಲ್ಲಿ ಜೆ 65 ಎಂಬ ಒಂದೇ ಸಂಕೇತವನ್ನು ಇಟ್ಟಿದ್ದಾರೆ.

ಮರುದಿನ ಎದೆಯ ಕ್ಷಕಿರಣ ಚಿತ್ರ, ಕಫದ ಟ್ರೂನಾಟ್ ಪರೀಕ್ಷೆ ಎರಡೂ ಆದವು. ಚೀಟಿಯ ಮೇಲೆ ಆರ್ 05 ಹೋಗಿ ಜೆ 65 ಬಂದಿತು. ಕ್ಷಯದ ಔಷಧ ಉಚಿತವಾಗಿ ಆರಂಭವಾಗಿದೆ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮೊದಲು ಇದು 500 ಇತ್ತು. ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಪರೀಕ್ಷಿಸಲಾಗಿದೆ. ಕಲ್ಲಿನ ಧೂಳಿನಿಂದ ಆದ ಗಾಯವನ್ನು ಯಾವ ಔಷಧವೂ ಹಿಂದಿರುಗಿಸದು ಎಂಬುದನ್ನು ಅವರಿಗೆ ಮರೆಮಾಚದೆ ಹೇಳಿದ್ದೇವೆ.

ಕಫ ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದುದು ಇಷ್ಟು. ಬೆಳಿಗ್ಗೆ ಎದ್ದೊಡನೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯೊಳಗಿನಿಂದ ಕೆಮ್ಮಿ ಬಂದ ಕಫವನ್ನು ಆಸ್ಪತ್ರೆಯವರು ಕೊಟ್ಟ ಡಬ್ಬಿಯಲ್ಲಿ ಹಾಕಬೇಕು. ಬಾಯಿಯ ಜೊಲ್ಲನ್ನು ಕೊಟ್ಟರೆ ಇರುವ ರೋಗವೂ ಕಾಣದೆ ಹೋದೀತು. ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಬೇಕು. ಅವುಗಳಲ್ಲಿ ಎರಡು ವಾರಕ್ಕಿಂತ ಹಿಂದಿನ ಆರ್ 05 ಇದ್ದರೆ ಅದನ್ನೇ ಮೊದಲು ತೋರಿಸಿ, ಕಾರಣ ಗೊತ್ತಾಯಿತೇ ಎಂದು ಕೇಳಬೇಕು.